ಲಿಂಗ್ ಮೀನಿನ ಪಟ್ಟಿಯಲ್ಲಿ ನನ್ನ ಹೆಸರು

ನ್ಯೂಜಿಲೆಂಡಿಗೆ ಹೋಗಿ ಬಂದವರೆಲ್ಲ ಹಿಮದ ಬೆಟ್ಟ, ನೀಲಿ ಸರೋವರ, ಕುರಿಮಂದೆಯ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಸಭಾಂಗಣ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೊಂದು ಮೀನಿನ ಚಿತ್ರ. ನನ್ನ ಹೆಂಡತಿ ಸರೋಜ ಅದನ್ನು ನೋಡಿ, "ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನ್ರೀ? ಇಲ್ಲೇ ಟೌನ್‌ಹಾಲಲ್ಲಿ ಕೂತಿದ್ರೆ ಆಗ್ತಿತ್ತಲ್ಲ" ಎಂದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹೆಸರು ಲಿಂಗರಾಜು, ವಾಸ ಮೈಸೂರಿನ ಲಕ್ಷ್ಮೀಪುರಂ. ನಮ್ಮ ಬಡಾವಣೆಯಲ್ಲಿ ಯಾವ ಸಭೆ ನಡೆದರೂ ಸ್ವಾಗತ ಇಲ್ಲವೇ ವಂದನಾರ್ಪಣೆ ನನ್ನದೇ. ಇಷ್ಟು ವರ್ಷದಲ್ಲಿ ಒಬ್ಬರ ಹೆಸರನ್ನೂ ಬಿಟ್ಟವನಲ್ಲ. ಶಾಮಿಯಾನದವರನ್ನು, ಮೈಕಿನವರನ್ನು, ಕಾಫಿ ಹಂಚಿದವರನ್ನು ಕೂಡ ನೆನೆದೇ ವೇದಿಕೆ ಇಳಿದಿದ್ದೇನೆ. ಜಂಬ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಮುಂದೆ ಆದ ಅನಾಹುತಕ್ಕೆ ಇದೇ ಮೂಲ.

ಅಲ್ಲಿಗೆ ನನ್ನನ್ನು ಕರೆಸಿಕೊಂಡವನು ಮಾದೇವ. ಬನ್ನಿಮಂಟಪದವನು, ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ಕಾಗಿ ಮಂಗಳೂರಿಗೆ ಹೋದ, ಅಲ್ಲಿಂದ ಹಡಗು ಹತ್ತಿದ, ಕೊನೆಗೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಬಂದರಿನಲ್ಲಿ ಇಳಿದು ಮೀನು ಕತ್ತರಿಸಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಮೇಸ್ತ್ರಿಯಾದ. ಬಂದರಿನ ಹೆಸರು ಬರೆಯಬೇಡ ಎಂದು ತಾಕೀತು ಮಾಡಿದ್ದಾನೆ, ಬರೆಯುವುದಿಲ್ಲ. ಹೊರಡುವ ಮೊದಲು ಏನು ತರಲಿ ಎಂದು ಫೋನಿನಲ್ಲಿ ಕೇಳಿದೆ.

"ಮೈಸೂರ್ ಪಾಕು ಗೀಕು ಏನೂ ಬ್ಯಾಡ ಕಣೋ. ದೇವರಾಜ ಮೊಹಲ್ಲಾದಲ್ಲಿ ಕೆಂಪು ಬಟ್ಟೆ ಬೈಂಡಿನ ಉದ್ದ ಪುಸ್ತಕ ಸಿಗ್ತದಲ್ಲ, ಅದು ಆರು ತಗಂಡ್ಬಂದ್ಬುಡು" ಎಂದ.

ಆಕಾಶದಲ್ಲಿ ಅಷ್ಟು ದೂರ ಹೊತ್ತುಕೊಂಡು ಹೋಗಲು ಖಾಲಿ ಪುಸ್ತಕವೇ ಸಿಕ್ಕಿದ್ದು.

ವಿಮಾನ ನಿಲ್ದಾಣ

ಆ ದೇಶದವರಿಗೆ ಬಾಂಬಿಗಿಂತ ಬೀಜದ ಭಯ ಹೆಚ್ಚು. ವಿಮಾನದಲ್ಲೇ ಒಂದು ಫಾರಂ ಕೊಡುತ್ತಾರೆ. ತಿಂಡಿ, ಮಣ್ಣು, ಮರ, ಬೀಜ, ಪ್ರಾಣಿಯಿಂದ ಬಂದ ವಸ್ತು ಏನಾದರೂ ಇದೆಯೇ? ಸುಳ್ಳು ಬರೆದು ಅಭ್ಯಾಸವಿಲ್ಲ, ಎಲ್ಲಕ್ಕೂ ಇದೆ ಎಂದು ಗುರುತು ಹಾಕಿದೆ. ಚಟ್ನಿಪುಡಿ ತಿಂಡಿಯೇ, ರುದ್ರಾಕ್ಷಿ ಬೀಜವೇ. ವಿಭೂತಿ ಗಟ್ಟಿಯನ್ನು ಎತ್ತಿ ಹಿಡಿದು ಅಧಿಕಾರಿ ಇದೇನು ಎಂದು ಕೇಳಿದ.

"ಬೂದಿ" ಎಂದೆ.

"ಯಾವುದರ ಬೂದಿ?"

ಸಗಣಿಯದು ಎಂದ ಕೂಡಲೇ ಅವನು ಗಟ್ಟಿಯನ್ನು ಕೆಳಗಿಟ್ಟು ಕೈಗವಸು ಹಾಕಿಕೊಂಡು ಬಂದ. ವಿಭೂತಿ ಹೋಯಿತು, ರುದ್ರಾಕ್ಷಿಯೂ ಹೋಯಿತು. ಚಟ್ನಿಪುಡಿಯನ್ನು ಮೂಸಿ ನೋಡಿ ನಾಲ್ಕು ಸಲ ಸೀನಿ ವಾಪಸ್ಸು ಕೊಟ್ಟ. ಕೊರಳಿನ ಬೆಳ್ಳಿ ಕರಡಿಗೆಯ ಕಡೆ ಬೆರಳು ತೋರಿಸಿದಾಗ ಮಾತ್ರ ನನಗೆ ಸಿಟ್ಟು ಬಂತು. ಒಳಗೆ ದೇವರಿದ್ದಾನೆ ಎಂದೆ. ಅವನು ಫಾರಂ ಅನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇದರಲ್ಲಿ ದೇವರಿಗೆ ಕಾಲಂ ಇಲ್ಲ, ಹೋಗಬಹುದು ಎಂದ. ಅಷ್ಟು ಸುಲಭವಾಗಿ ಎಲ್ಲಿ ಬಿಟ್ಟಾನು. ಆರು ಪುಸ್ತಕಗಳ ಪ್ರತಿ ಹಾಳೆಯನ್ನೂ ಹುಳುವಿಗಾಗಿ ತಿರುವಿ ಹಾಕಿ, ನಿಮ್ಮ ಗೆಳೆಯರಿಗೆ ಇಲ್ಲಿ ಪುಸ್ತಕ ಸಿಗುವುದಿಲ್ಲವೇ ಎಂದು ಕೇಳಿದ. ನನಗೂ ಅದೇ ಪ್ರಶ್ನೆ ಇತ್ತು.

ಮಾದೇವನ ಮನೆ

ಊರು ಚಿಕ್ಕದು, ಚಳಿ ದೊಡ್ಡದು. ಮೊದಲ ಬೆಳಿಗ್ಗೆ ಮನೆಯ ಮುಂದಿನ ರಸ್ತೆಯ ಅಂಚಿನಲ್ಲಿ ಸುಮ್ಮನೆ ಸಮುದ್ರ ನೋಡುತ್ತ ನಿಂತಿದ್ದೆ. ಒಂದು ಕಾರು ನಿಂತಿತು, ಎದುರಿನಿಂದ ಬಂದದ್ದೂ ನಿಂತಿತು. ಒಳಗಿದ್ದವರು ನಾನು ದಾಟಲೆಂದು ನಗುತ್ತ ಕಾಯತೊಡಗಿದರು. ಮರ್ಯಾದೆಗೆ ರಸ್ತೆ ದಾಟಿದೆ. ವಾಪಸ್ಸು ಬರಲು ತಿರುಗಿದರೆ ಇನ್ನಿಬ್ಬರು ನಿಂತರು. ಮತ್ತೆ ದಾಟಿದೆ. ನಮ್ಮೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಪ್ರಾಣ ಕೈಯಲ್ಲಿ ಹಿಡಿದು ದಾಟಿ ಗೊತ್ತು, ಬೇರೆಯವರ ದಾಕ್ಷಿಣ್ಯಕ್ಕೆ ದಾಟಿದ್ದು ಅದೇ ಮೊದಲು. ಅಂದಿನಿಂದ ಸಮುದ್ರವನ್ನು ಕಿಟಕಿಯಿಂದಲೇ ನೋಡಿದೆ.

ಎರಡು ದಿನವಾದರೂ ಮಾದೇವ ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಸರೋವರ ಯಾವಾಗ, ಬೆಟ್ಟ ಯಾವಾಗ ಎಂದರೆ, "ಶುಕ್ರವಾರ ಮುಗೀಲಿ ತಡಿ" ಎನ್ನುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇರುವವನು, ಹೀಗೆಲ್ಲ ಆಗಿದ್ದಾನೆ ಎಂದು ಸುಮ್ಮನಿದ್ದೆ. ಮೂರನೆಯ ದಿನ ಒಳಕೋಣೆಯಿಂದ ಒಂದು ಪೆಟ್ಟಿಗೆ ತಂದು ಬಿಚ್ಚಿದ. ಅದರ ತುಂಬ ಕೆಂಪು ಬೈಂಡಿನ ಪುಸ್ತಕಗಳು. ಅವನ ಹೆಂಡತಿ ಇರುವವರೆಗೆ ತವರಿಗೆ ಬಂದಾಗಲೆಲ್ಲ ತಂದುಕೊಡುತ್ತಿದ್ದಳಂತೆ. ಹಾಳೆಯ ತುಂಬ ಕನ್ನಡದ ಅಂಕಿಗಳು. ೧೧೨, ೭೪. ೧೦೮, ೭೧.

"ಏನೋ ಇದು?"

"ಮೀನಿನ ಉದ್ದ, ಸೆಂಟಿಮೀಟರಲ್ಲಿ. ದಿನಾ ಮೊದಲ್ನೇ ಪೆಟ್ಟಿಗೇಲಿ ಅತೀ ದೊಡ್ಡದು ಒಂದು, ಅತೀ ಚಿಕ್ಕದು ಒಂದು ಅಳ್ದು ಬರೀತೀನಿ. ಹದಿನೇಳ್ ವರ್ಷ ಆಯ್ತು."

"ಕನ್ನಡದಲ್ಲಿ ಯಾಕೆ?"

"ಇಂಗ್ಲಿಷಲ್ಲಿ ಬರೆದ್ರೆ ಓನರ್ ಓದ್ಬುಡ್ತಾನೆ."

ಆಮೇಲೆ ವಿಷಯ ಬಿಡಿಸಿ ಹೇಳಿದ. ಅವನ ಶೆಡ್ಡಿಗೆ ಬರುವುದು ಲಿಂಗ್ ಎಂಬ ಮೀನು. ಚಾಮುಂಡಿ ಬೆಟ್ಟ ಪೂರ್ತಿ ಮುಳುಗುವಷ್ಟು ಆಳದ ಕಡಲಿನಲ್ಲಿ ಬದುಕುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಆದ್ದರಿಂದ ವರ್ಷಕ್ಕೆ ಇಷ್ಟು ಟನ್ನು ಮಾತ್ರ ಹಿಡಿಯಬೇಕು ಎಂದು ಸರ್ಕಾರ ಮಿತಿ ಹಾಕಿದೆ. ಅದನ್ನು ಕೋಟಾ ಎನ್ನುತ್ತಾರೆ. ನಮ್ಮಲ್ಲಿ ಕೋಟಾ ಎಂದರೆ ಕಾಲೇಜು ಸೀಟು, ಅವರಲ್ಲಿ ಮೀನು. ಈಗ ಆ ಕಡಲ ಭಾಗದ ಮಿತಿಯನ್ನು ಬರುವ ವರ್ಷದಿಂದ ಒಂದೇ ಸಲಕ್ಕೆ ಅರ್ಧದಷ್ಟು ಇಳಿಸುತ್ತೇವೆ ಎಂದು ಮೀನುಗಾರಿಕೆ ಇಲಾಖೆ ಹೊರಟಿತ್ತು. ದೋಣಿಯವರು, ಶೆಡ್ಡಿನ ಓನರು ಒಂದು ಮೀನನ್ನೂ ಕಡಿಮೆ ಮಾಡಕೂಡದು ಎಂದು ಪಟ್ಟು ಹಿಡಿದಿದ್ದರು. ಶುಕ್ರವಾರ ಊರಿನ ಸಭಾಂಗಣದಲ್ಲಿ ಜನರ ಮಾತು ಕೇಳುವ ಸಭೆ ಇತ್ತು.

"ನೀನ್ ಯಾರ ಕಡೆ?" ಎಂದೆ.

"ಇಬ್ರೂ ಅರ್ಧರ್ಧ ಸರಿ ಕಣೋ. ಮೀನು ಚಿಕ್ಕದಾಯ್ತಾ ಬಂದದೆ, ಇಲ್ಲಿ ನೋಡು. ಕಮ್ಮಿ ಮಾಡ್ಲೇಬೇಕು. ಆದ್ರೆ ಒಂದೇ ಏಟ್ಗೆ ಮಾಡಿದ್ರೆ ಶೆಡ್ಡಲ್ಲಿ ಮಧ್ಯಾಹ್ನದ ಪಾಳಿ ನಿಂತೋಯ್ತದೆ. ಮೂರು ವರ್ಷ, ಮೂರು ಮೆಟ್ಲು. ಅಷ್ಟೇ ನಾನ್ ಕೇಳೋದು. ಇದನ್ನ ಬೇರೆ ಯಾರೂ ಕೇಳ್ತಾ ಇಲ್ಲ."

ಬರೆದು ಕಳಿಸಬಹುದಿತ್ತಲ್ಲ ಎಂದೆ. ಹದಿನೇಳು ವರ್ಷದ ಕನ್ನಡವನ್ನು ಒಬ್ಬನೇ ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ಬರೆದು ಕಳಿಸುವ ಗಡುವು ಮುಗಿದಿತ್ತಂತೆ. ಉಳಿದದ್ದು ಬಾಯಿಮಾತು ಒಂದೇ. ಒಬ್ಬೊಬ್ಬರಿಗೆ ಮೂರು ನಿಮಿಷ. ಅಡುಗೆಮನೆಯ ಗಡಿಯಾರ ಮುಂದಿಟ್ಟುಕೊಂಡು ಎರಡೂವರೆ ನಿಮಿಷಕ್ಕೆ ಮುಗಿಯುವಂತೆ ಒಂದು ಹಾಳೆ ಬರೆದಿದ್ದ. ರಾತ್ರಿ ಊಟವಾದ ಮೇಲೆ ನನ್ನೆದುರು ನಿಂತು ಓದಿದ. ಸಂಬೋಧನೆಯೇ ಇಲ್ಲದೆ ನೇರವಾಗಿ ಮೀನಿನಿಂದ ಶುರು ಮಾಡುತ್ತಾನೆ, ಕೇಳಿದವರು ಏನಂದುಕೊಂಡಾರು ಎಂದು ನನಗೆ ಅನಿಸಿತು. ಹೇಳಲು ಹೋಗಲಿಲ್ಲ.

ಶೆಡ್ಡು

ಗುರುವಾರ ಶೆಡ್ಡು ತೋರಿಸುತ್ತೇನೆ ಎಂದ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವನನ್ನು ಮೀನಿನ ಶೆಡ್ಡಿಗೆ ಕರೆದೊಯ್ಯುವುದು ಯಾವ ಸೀಮೆಯ ಆತಿಥ್ಯವೋ ಕಾಣೆ. ಬಾಗಿಲಲ್ಲಿ ಬಿಳಿ ಕೋಟು, ರಬ್ಬರ್ ಬೂಟು, ತಲೆಗೆ ಬಲೆಯ ಟೋಪಿ ತೊಡಿಸಿದರು. ವಾಸನೆ ನಾನು ಹೆದರಿದ್ದಷ್ಟು ಇರಲಿಲ್ಲ, ಚಳಿಯೇ ಅದನ್ನು ಹಿಡಿದಿಟ್ಟಿತ್ತು. ಮೇಜಿನ ಮೇಲೆ ಲಿಂಗ್ ಮೀನು ಮಲಗಿತ್ತು. ಹಾವಿನ ಹಾಗೆ ಉದ್ದ, ತೊನ್ನು ಹತ್ತಿದಂತೆ ಗುಲಾಬಿ ಮಚ್ಚೆ, ಗಲ್ಲದ ಕೆಳಗೆ ಮೀಸೆಯಂಥ ಎರಡು ಎಳೆ. ಶಾಲೆಯಲ್ಲಿ ಎಲ್ಲರೂ ನನ್ನನ್ನು ಲಿಂಗ, ಲಿಂಗ ಎಂದೇ ಕರೆದದ್ದು. ಇದೇ ನೋಡು ನಿನ್ನ ಹೆಸರಿನವನು ಎಂದು ಮಾದೇವ ನಕ್ಕ. ನನಗೆ ನಗು ಬರಲಿಲ್ಲ.

ಅದನ್ನು ಸೀಳುತ್ತಿದ್ದವಳು ಟ್ರೇಸಿ, ಐವತ್ತು ದಾಟಿದ ದಪ್ಪ ಮೈಯ ಹೆಂಗಸು. ಅವಳ ಚಾಕು ಎಲ್ಲಿ ಹೋಯಿತು, ಎಲ್ಲಿ ಬಂತು ಎಂದೇ ತಿಳಿಯಲಿಲ್ಲ. ಕೈತೊಳೆದುಕೊಂಡು ಬಂದು ನನಗೆ ಟೀ ಮಾಡಿಕೊಟ್ಟಳು. ನಾನು ಮೀನು ತಿನ್ನುವುದಿಲ್ಲ ಎಂದು ಯಾರೋ ಹೇಳಿದ್ದರು. ಮನೆಯಿಂದ ತಂದ ತನ್ನ ಬ್ರೆಡ್ಡಿಗೆ ಜಾಮ್ ಸವರಿ, ಈ ಚಾಕು ಬೇರೆ, ಇದು ಮೀನು ಮುಟ್ಟಿದ್ದಲ್ಲ ಎಂದು ಎರಡೆರಡು ಸಲ ಹೇಳಿ ಕೊಟ್ಟಳು. ನಾಲ್ಕು ದಿನದಲ್ಲಿ ನನ್ನ ಹೊಟ್ಟೆಯ ಬಗ್ಗೆ ಅಷ್ಟು ಯೋಚಿಸಿದವರು ಅವಳೊಬ್ಬಳೇ.

ಅವಳದು ಮಧ್ಯಾಹ್ನದ ಪಾಳಿ. ನಾಳೆ ನೀವೂ ಸಭೆಗೆ ಬರುತ್ತೀರಾ ಎಂದು ಕೇಳಿದಳು. ಬರುತ್ತೇನೆ ಎಂದೆ. "ಮಾದೇವ ಚೆನ್ನಾಗಿ ಮಾತಾಡಲಿ" ಎಂದಷ್ಟೇ ಹೇಳಿ ಮೇಜಿಗೆ ಹೋದಳು.

ಸಭಾಂಗಣದ ಬಾಗಿಲು

ಶುಕ್ರವಾರ ತಡವಾದದ್ದು ನನ್ನಿಂದಲೇ. ಸಭೆ ಎಂದ ಮೇಲೆ ಕೋಟು ಹಾಕದೆ ಹೋಗುವುದು ಹೇಗೆ? ಕೋಟು ಪೆಟ್ಟಿಗೆಯ ತಳದಲ್ಲಿತ್ತು, ಮುದುಡಿತ್ತು, ಇಸ್ತ್ರಿ ಬೇಕಿತ್ತು. ಮಾದೇವ ಬಾಗಿಲಲ್ಲಿ ನಿಂತು, "ಮದ್ವೆಗೆ ಹೋಯ್ತಾ ಇಲ್ಲ ಕಣೋ, ಬಾರೋ" ಎಂದು ಕರೆದದ್ದು ಎಷ್ಟು ಸಲವೋ. ನಾವು ಹೋಗುವಷ್ಟರಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ನನ್ನನ್ನು ಬಾಗಿಲಲ್ಲಿ ಇಳಿಸಿ, "ನೀನು ಒಳಗೆ ಸೀಟು ಹಿಡಿದಿರು, ಬಂದೆ" ಎಂದು ಹೋದ. ಮಾತಾಡುವವರು ಮೊದಲೇ ಕಂಪ್ಯೂಟರಿನಲ್ಲಿ ಹೆಸರು ಬರೆಸಬಹುದಿತ್ತಂತೆ. ಎಷ್ಟು ವರ್ಷ ಹೊರಗಿದ್ದರೂ ಮಾದೇವ ನಮ್ಮವನೇ, ಹೋದಾಗ ಬರೆಸಿದರಾಯಿತು ಎಂದುಕೊಂಡಿದ್ದ.

ಬಾಗಿಲ ಪಕ್ಕ ಮೇಜು ಹಾಕಿಕೊಂಡು ಒಬ್ಬಳು ಹುಡುಗಿ ಕೂತಿದ್ದಳು. ಅಂದು ನಾಲ್ಕೈದು ಜಾತಿಯ ಮೀನಿನ ವಿಚಾರವಿತ್ತು, ಒಂದೊಂದಕ್ಕೆ ಮಾತಾಡುವವರದು ಒಂದೊಂದು ಪಟ್ಟಿ. ನನಗೆ ಅದು ಗೊತ್ತಿರಲಿಲ್ಲ. ಬಂದವರ ಹೆಸರು ಬರೆದುಕೊಳ್ಳುತ್ತಿದ್ದಾಳೆ, ನಮ್ಮಲ್ಲಿ ಹಾಜರಿ ಪುಸ್ತಕ ಇಡುವುದಿಲ್ಲವೇ ಹಾಗೆ, ಎಂದು ತಿಳಿದೆ.

ಅವಳು ತಲೆಯೆತ್ತಿ, "ಲಿಂಗ್?" ಎಂದಳು.

ನನ್ನ ಹೆಸರು ಇವಳಿಗೆ ಹೇಗೆ ಗೊತ್ತು ಎಂದು ಆಶ್ಚರ್ಯವಾಯಿತು. ಮಾದೇವ ಮೊದಲೇ ಹೇಳಿರಬೇಕು ಎಂದುಕೊಂಡು, ನಮ್ಮ ಕಡೆಯ ಹಾಗೆ ತಲೆ ಅತ್ತಿತ್ತ ಆಡಿಸಿ, "ಹೌದು, ಲಿಂಗ್. ಲಿಂಗರಾಜು" ಎಂದೆ.

"ಲಿಂಗ್. ರಾಜು" ಎಂದು ಎರಡು ಕಾಲಮ್ಮಿನಲ್ಲಿ ಬರೆದುಕೊಂಡು, ನಿಮ್ಮ ಅದೃಷ್ಟ, ಕೊನೆಯ ಜಾಗ ಇತ್ತು ಎಂದು ಒಂದು ಹಸಿರು ಚೀಟಿ ಕೊಟ್ಟಳು. ಸೀಟಿನ ನಂಬರು ಎಂದುಕೊಂಡು ಜೇಬಿಗೆ ಹಾಕಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನನ್ನು ಲಿಂಗ್ ಮೀನಿನ ಪಟ್ಟಿಗೆ ಸೇರಿಸಿದ್ದಾರೆ ಎಂದು ತಿಳಿದದ್ದು ಮಾದೇವ ಓಡಿಕೊಂಡು ಬಂದು ಮೇಜಿನ ಮುಂದೆ ನಿಂತಾಗ. ಲಿಂಗ್ ಪಟ್ಟಿ ಭರ್ತಿಯಾಗಿದೆ ಎಂದಳು ಹುಡುಗಿ. ಮಾದೇವ ನನ್ನ ಜೇಬಿನಿಂದ ಇಣುಕುತ್ತಿದ್ದ ಹಸಿರು ಚೀಟಿ ನೋಡಿದ.

ಬೇಡಿಕೊಂಡೆವು. ನನ್ನ ಹೆಸರು ಹೊಡೆದು ಅವನ ಹೆಸರು ಬರೆಯಿರಿ ಎಂದರೆ ಆಗುವುದಿಲ್ಲ. ಚೀಟಿ ಅವನಿಗೆ ಕೊಡುತ್ತೇನೆ ಎಂದರೆ ಆಗುವುದಿಲ್ಲ. ಮೇಲಿನ ಅಧಿಕಾರಿ ಬಂದ. ಒಬ್ಬರಿಗೆ ಬದಲಾಯಿಸಿದರೆ ಎಲ್ಲರಿಗೂ ಬದಲಾಯಿಸಬೇಕಾಗುತ್ತದೆ, ಕ್ಷಮಿಸಿ ಎಂದ. ಎಂಟು ಸಲ ಕ್ಷಮಿಸಿ ಎಂದ. ನಮ್ಮೂರಿನ ಯಾವ ಆಫೀಸಿನಲ್ಲಾದರೂ ಒಬ್ಬ ಗುಮಾಸ್ತ ಗದರಿ, ಕೊನೆಗೆ "ಹಾಳಾಗ್ ಹೋಗ್ಲಿ, ಕೊಡ್ರೀ ಇಲ್ಲಿ" ಎಂದು ತಿದ್ದಿ ಕೊಟ್ಟಿರುತ್ತಿದ್ದ. ಇವರ ವಿನಯದ ಮುಂದೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಮಾದೇವ ತನ್ನ ಹಾಳೆಯನ್ನು ನನ್ನ ಕೈಗಿಟ್ಟ. "ನೀನೇ ಓದ್ಬುಡು ಲಿಂಗ. ಬರೆದಿರೋದ್ನ ಓದು. ಅಷ್ಟೇ" ಎಂದ.

ಮೂರು ನಿಮಿಷ

ನನ್ನ ಸರದಿ ಕೊನೆಯದು. ಎಲ್ಲರೂ ಎದ್ದು ಬಂದು ನೇರವಾಗಿ ಜಗಳವನ್ನೇ ಶುರು ಮಾಡುತ್ತಿದ್ದರು. ಒಬ್ಬನೂ ಅಧ್ಯಕ್ಷೆಗೆ ನಮಸ್ಕಾರ ಹೇಳಲಿಲ್ಲ. ಶೆಡ್ಡಿನ ಓನರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಮಾತಾಡಿದ. ವಿಜ್ಞಾನಿಯೊಬ್ಬ ಮೀನಿನ ಕಿವಿಯೊಳಗೆ ಸಿಗುವ ಕಲ್ಲನ್ನು ಕೊಯ್ದು ವಯಸ್ಸು ಎಣಿಸುವುದು ಹೇಗೆ ಎಂದು ಗೋಡೆಯ ಮೇಲೆ ಚಿತ್ರ ತೋರಿಸಿದ. ಮೂರು ಮೆಟ್ಟಿಲಿನ ಮಾತು ಯಾರೂ ಎತ್ತಲಿಲ್ಲ. ಅದು ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಮಾತ್ರ ಇತ್ತು.

ಮೈಕಿನ ಮುಂದೆ ನಿಂತೆ. ಇನ್ನೂರು ಜನರ ಸಭೆ, ಎದುರಿಗೆ ಅಧ್ಯಕ್ಷೆ. ನನ್ನ ಬಾಯಿಗೆ ಅಭ್ಯಾಸವಾಗಿರುವುದು ಒಂದೇ ದಾರಿ, ಅದು ಆ ದಾರಿಯನ್ನೇ ಹಿಡಿಯಿತು. ಮಾನ್ಯ ಅಧ್ಯಕ್ಷರೇ ಎಂದೆ. ವೇದಿಕೆಯ ಮೇಲಿರುವ ಅಧಿಕಾರಿಗಳೇ ಎಂದೆ. ಕಡಲ ಆಳವನ್ನು ಅರಿತ ವಿಜ್ಞಾನಿಗಳೇ, ಅಲೆಗಳೊಡನೆ ಬಾಳುವ ದೋಣಿಯ ಬಂಧುಗಳೇ ಎಂದೆ. ದೂರದ ಮೈಸೂರಿನಿಂದ ಬಂದವನಿಗೆ ಮಾತಿನ ಅವಕಾಶ ಕೊಟ್ಟ ಸೌಜನ್ಯವನ್ನು ನೆನೆದೆ. ಸಭಾಂಗಣ ಒದಗಿಸಿದ ಊರಿನವರನ್ನು ನೆನೆದೆ. ಮೂರನೆಯ ಸಾಲಿನಲ್ಲಿ ಟ್ರೇಸಿ ಕಂಡಳು. ಮೀನು ತಿನ್ನದ ಅತಿಥಿಗೆ ಬೇರೆ ಚಾಕುವಿನಲ್ಲಿ ಜಾಮ್ ಸವರಿ ಕೊಟ್ಟ ಸೋದರಿ ಟ್ರೇಸಿಯವರಿಗೆ ಎಂದು ಹೆಸರು ಹಿಡಿದು ಕೃತಜ್ಞತೆ ಹೇಳಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಇಂಗ್ಲಿಷಿನಲ್ಲೂ ನನಗಿದು ಬರುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ನಡುವೆ ಯಾರೋ ಗಂಟೆ ಬಾರಿಸಿದರು. ಸಭಿಕರ ಗದ್ದಲ ನಿಲ್ಲಿಸಲು ಬಾರಿಸಿದ್ದಾರೆ ಎಂದುಕೊಂಡೆ.

ಆಮೇಲೆ ಹಾಳೆ ಬಿಡಿಸಿ, ನನ್ನ ಗೆಳೆಯ ಹದಿನೇಳು ವರ್ಷದಿಂದ ಈ ಮೀನನ್ನು ಅಳೆಯುತ್ತಿದ್ದಾನೆ ಎಂದು ಓದಿದೆ. ಮುಂದಿನ ವಾಕ್ಯಕ್ಕೆ ಮೈಕಿನಲ್ಲಿ ಸದ್ದೇ ಬರಲಿಲ್ಲ. ಕೆಂಪು ದೀಪ ಹತ್ತಿತ್ತು. ಅಧ್ಯಕ್ಷೆ ಎದ್ದು ನಿಂತು, ತುಂಬ ಸೊಗಸಾಗಿ ಮಾತಾಡಿದಿರಿ, ಧನ್ಯವಾದ ಎಂದಳು. ನಾನು ಇನ್ನೂ ಶುರುವೇ ಮಾಡಿಲ್ಲ ತಾಯಿ ಎಂದದ್ದು ಯಾರಿಗೂ ಕೇಳಲಿಲ್ಲ.

ಹೊರಗೆ ಟ್ರೇಸಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಮೈಕಿನಲ್ಲಿ ಯಾರೂ ತನ್ನ ಹೆಸರು ಹೇಳಿರಲಿಲ್ಲ ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅವಳಿಗೆ ಥ್ಯಾಂಕ್ಸ್ ಹೇಳಲು ಹಿಡಿದ ಹೊತ್ತಿನಲ್ಲಿ ಅವಳ ಪಾಳಿಯ ಮಾತು ಆಡಿ ಮುಗಿಸಬಹುದಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕಾರಿನಲ್ಲಿ

ಮಾದೇವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅರ್ಧ ದಾರಿಗೆ ನಾನೇ, "ಬೈಯೋ ಮಾರಾಯ" ಎಂದೆ.

"ಬುಡು ಲಿಂಗ. ಹೈಸ್ಕೂಲಲ್ಲೂ ನೀನು ಅಂಗೇ ಅಲ್ವ. ಪರೀಕ್ಷೇಲಿ ಪೀಠಿಕೆ ಎರಡು ಹಾಳೆ ಬರ್ದು, ಉತ್ತರ ಬರೆಯೋಕೆ ಟೈಮಿಲ್ಲ ಅಂತ ಅಳ್ತಿದ್ದೆ."

ಮರುದಿನ ಸರೋವರಕ್ಕೆ ಕರೆದೊಯ್ದ. ನೀಲಿಯಾಗಿಯೇ ಇತ್ತು. ಫೋಟೋ ತೆಗೆಯುವ ಮನಸ್ಸಾಗಲಿಲ್ಲ.

ಲಕ್ಷ್ಮೀಪುರಂ

ಮನೆಗೆ ಬಂದು ತಿಂಗಳಾಗಿರಲಿಲ್ಲ, ಇಲಾಖೆಯಿಂದ ಇಮೇಲ್ ಬಂತು. ಸಭೆಯಲ್ಲಿ ಮಾತಾಡಿದ ಎಲ್ಲರಿಗೂ ನಡಾವಳಿ ಕಳಿಸಿದ್ದರು. ಮಾದೇವ ಮಾತಾಡಿದವನಲ್ಲವಾದ್ದರಿಂದ ಅವನಿಗೆ ಬಂದಿರಲಿಲ್ಲ. ಲಿಂಗ್ ಮೀನಿನ ಪುಟದ ಕೊನೆಯಲ್ಲಿ ನಾನಿದ್ದೆ. ಹೆಸರು: ಲಿಂಗ್ ರಾಜು. ಸಾರಾಂಶ: ಹಾಜರಿದ್ದ ಎಲ್ಲರಿಗೂ ವಂದನೆ ಸಲ್ಲಿಸಿದರು. ನಿಲುವು: ತಿಳಿಸಿಲ್ಲ.

ಕೆಳಗೆ, ತಪ್ಪುಗಳಿದ್ದರೆ ಹದಿನೈದು ದಿನದೊಳಗೆ ತಿಳಿಸಿ ಎಂದಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. ಸರೋಜ ಊಟಕ್ಕೆ ಕರೆದರೂ ಏಳದೆ ಕೂತು ಬರೆದೆ. ಮೀನು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ಮಿತಿ ಇಳಿಸಿ. ಒಂದೇ ಸಲಕ್ಕೆ ಬೇಡ, ಮೂರು ವರ್ಷದಲ್ಲಿ ಮೂರು ಮೆಟ್ಟಿಲಾಗಿ ಇಳಿಸಿ, ಮಧ್ಯಾಹ್ನದ ಪಾಳಿಯನ್ನು ಉಳಿಸಿ. ಅಳತೆಯ ಪುಸ್ತಕಗಳಿವೆ, ಓದಿ ಹೇಳಲು ನಾನಿದ್ದೇನೆ. ಹುಟ್ಟಿದ ಮೇಲೆ ಮೊದಲ ಸಲ, ಮಾನ್ಯರೇ ಎಂದು ಕೂಡ ಬರೆಯದೆ ಕಳಿಸಿದೆ.

ಎರಡೇ ದಿನಕ್ಕೆ ಉತ್ತರ ಬಂತು, ಬಹಳ ವಿನಯದ ಉತ್ತರ. ನಿಮ್ಮ ಹೆಸರನ್ನು ಲಿಂಗರಾಜು ಎಂದು ತಿದ್ದಲಾಗಿದೆ, ತೊಂದರೆಗೆ ಕ್ಷಮಿಸಿ. ಸಭೆ ಮುಗಿದ ಮೇಲೆ ಹೊಸ ನಿಲುವು ಸೇರಿಸಲು ಅವಕಾಶವಿರುವುದಿಲ್ಲ. ನಮ್ಮ ದೇವರಾಜ ಮೊಹಲ್ಲಾದಲ್ಲಿ ಬೆಳಗಾಗುವುದರೊಳಗೆ ರಸ್ತೆಯನ್ನು ಒನ್‌ವೇ ಮಾಡುತ್ತಾರೆ, ಯಾರನ್ನೂ ಕೇಳುವುದಿಲ್ಲ. ಆ ದೇಶದಲ್ಲಿ ಹಾಲ್ ಕಟ್ಟಿಸಿ, ಕುರ್ಚಿ ಹಾಕಿ, ಚೀಟಿ ಕೊಟ್ಟು ಕೇಳುತ್ತಾರೆ. ಮಿತಿ ಒಂದೇ ಸಲಕ್ಕೆ ಇಳಿಯಿತು.

ಹೋದ ವಾರ ಮಾದೇವ ಫೋನ್ ಮಾಡಿದ್ದ. ಚಳಿ, ಮಂಡಿನೋವು, ಎಲ್ಲ ಮಾತಾಡಿದ. ನಾನು ತಂದುಕೊಟ್ಟ ಪುಸ್ತಕ ಏನಾಯಿತು ಎಂದು ಕೇಳಿದೆ.

"ಒಂದ್ರಲ್ಲಿ ಬರೀತಾ ಇವ್ನಿ. ಬೆಳಿಗ್ಗೆ ಪಾಳಿ ಅದಲ್ಲ. ಮಿಕ್ಕ ಐದು ನನ್ ಆಯಸ್ಸಿಗೆ ಸಾಕಾಯ್ತವೆ."

"ಟ್ರೇಸಿ?"

"ಶುಕ್ರವಾರ ಕೊನೇ ದಿನ. ಮಧ್ಯಾಹ್ನದೋರೆಲ್ಲ ಒಟ್ಗೇ ಹೋದ್ರು. ಓನರ್ ಕೇಕ್ ತರ್ಸಿದ್ದ. ಎಲ್ರೂ ಸುಮ್ನೆ ನಿಂತ್ಕಂಡು ತಿಂದ್ರು, ಯಾರಿಗೂ ಬಾಯೇ ಬರ್ಲಿಲ್ಲ. ಕೋಟು ಹಾಕ್ಕೊಂಡು ಹೊರಡ್ವಾಗ ಟ್ರೇಸಿ ನಿನ್ನ ಕೇಳಿದ್ಲು. ಇವತ್ತು ನಿಮ್ಮ ಫ್ರೆಂಡ್ ಇರ್ಬೇಕಿತ್ತು, ನಾಲ್ಕ್ ಮಾತಾಡಿ ಎಲ್ಲರ ಹೆಸ್ರೂ ಹೇಳ್ತಿದ್ರು ಅಂದ್ಲು ಕಣೋ."

ಅವನು ಚುಚ್ಚಲು ಹೇಳಿದ್ದಲ್ಲ. ಅವಳೂ ಮನಸ್ಸಿನಿಂದಲೇ ಹೇಳಿದ್ದು. ಸ್ವಾಗತಕ್ಕೂ ವಂದನೆಗೂ ಎಂದೂ ಮಾತಿಗೆ ತಡಕಾಡದವನಿಗೆ ಒಂದು ಮಾತೂ ಹೊರಡಲಿಲ್ಲ.